ಅಣಬೆಯೊಳಗಿನ ಪಾದರಸ



'ರಸ' ಎಂಬ ಶಬ್ದವನ್ನು ಮೂವತ್ತು ವರ್ಷಗಳಿಗೂ ಮೀರಿ ತರಗತಿಯಲ್ಲಿ ವಿವರಿಸಿದವನು ನಾನು. ಕಾವ್ಯಮೀಮಾಂಸೆಯ ಪಾಠದಲ್ಲಿ ಭರತನಿಂದ ಅಭಿನವಗುಪ್ತನವರೆಗೆ ರಸವಿಚಾರವನ್ನು ಹೇಳುತ್ತ ಹೇಳುತ್ತಲೇ ನಿವೃತ್ತನಾದೆ. ಇದೇ 'ರಸ' ಶಬ್ದಕ್ಕೆ ಸಂಸ್ಕೃತದಲ್ಲಿ ಪಾದರಸವೆಂಬ ಅರ್ಥವೂ ಉಂಟೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ರಸಶಾಸ್ತ್ರವೆಂಬ ವೈದ್ಯಭಾಗಕ್ಕೆ ಆ ಹೆಸರು ಬಂದದ್ದೇ ಪಾದರಸದಿಂದ. ಆದರೆ ತಿಳಿದಿರುವುದು ಬೇರೆ, ಮನಸ್ಸಿಗೆ ತಾಕುವುದು ಬೇರೆ. ನಿಘಂಟಿನಲ್ಲಿ ಎರಡನೆಯ ಅರ್ಥವಾಗಿ ಸುಮ್ಮನೆ ಕುಳಿತಿದ್ದ ಈ ಪಾದರಸ, ಹೋದ ವರ್ಷ ನಮ್ಮ ಮನೆಯ ಮಾತುಕತೆಯ ನಡುವೆ ಬಂದು ನಿಂತಿತು. ಬಂದದ್ದು ಅಣಬೆಯ ಕೊಡೆ ಹಿಡಿದುಕೊಂಡು.

ನಮ್ಮ ಮನೆಯಾಕೆ ಮಲೆನಾಡಿನವರು. ಮೊದಲ ಮಳೆಯ ಗುಡುಗು ಕೇಳಿತೆಂದರೆ ಅವರ ಕಣ್ಣು ಹುತ್ತದ ಕಡೆಗೆ. ಪೇಟೆಯ ನಡುವೆ ಮನೆ ಮಾಡಿ ನಲವತ್ತು ವರ್ಷವಾದರೂ ಆ ಗುಣ ಹೋಗಿಲ್ಲ. ಮಗಳು ಮದುವೆಯಾಗಿ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದಳು. ಅಲ್ಲಿ ಶರತ್ಕಾಲದ ಭಾನುವಾರಗಳಲ್ಲಿ ಊರಿಗೆ ಊರೇ ಬುಟ್ಟಿ ಹಿಡಿದು ಕಾಡಿಗೆ ಅಣಬೆ ಆಯಲು ಹೊರಡುತ್ತದೆಯಂತೆ. ನೆರೆಮನೆಯ ವೃದ್ಧ ದಂಪತಿಗಳು ಇವಳನ್ನೂ ಕರೆದೊಯ್ದರು. ಅಂಗೈಗಿಂತ ಅಗಲವಾದ ಕಂದು ಚುಕ್ಕೆಗಳ ಅಣಬೆಯೊಂದನ್ನು ಕೈಯಲ್ಲಿ ಹಿಡಿದ ಚಿತ್ರ ಕಳಿಸಿದಳು. ಅದರ ಕೊಡೆಯನ್ನು ಮೊಟ್ಟೆಯಲ್ಲಿ ಅದ್ದಿ, ರೊಟ್ಟಿಪುಡಿಯಲ್ಲಿ ಹೊರಳಿಸಿ ಬಾಣಲೆಯಲ್ಲಿ ಹುರಿಯುವುದು ಅಲ್ಲಿಯ ಪದ್ಧತಿ. ತಾಯಿಗೆ ಎಲ್ಲಿಲ್ಲದ ಸಂತೋಷ. “ನೋಡ್ರೀ, ಎಲ್ಲಿಗೆ ಹೋದರೂ ನನ್ನ ಮಗಳೇ ಅವಳು” ಎಂದರು. ಮಗಳು ಆಗ ಮೂರು ತಿಂಗಳ ಗರ್ಭಿಣಿ.

ನನಗೆ ಸಂತೋಷದೊಡನೆ ಅಂಜಿಕೆಯೂ ಆಯಿತು. ಅಣಬೆಯಲ್ಲಿ ವಿಷದ ಜಾತಿಗಳುಂಟೆಂಬ ಸಾಮಾನ್ಯ ಅಂಜಿಕೆ ಅದು. ಆ ವಿಷಯವನ್ನು ಓದಲು ತೊಡಗಿದೆ. ಓದುತ್ತ ಹೋದಂತೆ ನಾನು ಹುಡುಕದ ಇನ್ನೊಂದು ವಿಷಯ ಎದುರಾಯಿತು. ವಿಷವಲ್ಲದ, ಎಲ್ಲರೂ ನಂಬಿ ತಿನ್ನುವ, ರುಚಿಯಲ್ಲಿ ಮೇಲಾದ ಅಣಬೆಯೂ ತಾನು ನಿಂತ ಮಣ್ಣಿನಿಂದ ಪಾದರಸವನ್ನು ಹೀರಿ ತನ್ನ ಕೊಡೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ ಎಂಬುದೇ ಆ ವಿಷಯ. ಮಗಳು ಕೈಯಲ್ಲಿ ಹಿಡಿದಿದ್ದ ಅಣಬೆ ಈ ಕೆಲಸದಲ್ಲಿ ಹೆಸರು ಪಡೆದದ್ದೆಂದೂ ತಿಳಿಯಿತು. ನಾನು ವಿಜ್ಞಾನಿಯಲ್ಲ, ಕನ್ನಡದ ಮೇಷ್ಟರು. ಆದರೂ ತಂದೆಯಾಗಿ ಓದಿ ಅರಿತದ್ದನ್ನು ಮೇಷ್ಟರಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ಅಣಬೆಯ ಮಾತು. ನಾವು ಅಣಬೆಯೆಂದು ಕಿತ್ತು ತರುವುದು ಒಂದು ಜೀವಿಯ ಹಣ್ಣಿನ ಭಾಗ ಮಾತ್ರ. ಮಾವಿನ ಮರ ನೆಲದೊಳಗೆ ಹುದುಗಿದ್ದು, ವರ್ಷಕ್ಕೊಮ್ಮೆ ಹಣ್ಣು ಮಾತ್ರ ಮಣ್ಣಿನ ಮೇಲೆ ತಲೆಯೆತ್ತಿದರೆ ಹೇಗೋ ಹಾಗೆ. ಅಣಬೆಯ ನಿಜವಾದ ದೇಹ ಮಣ್ಣಿನಲ್ಲಿ, ಕೊಳೆತ ಎಲೆಗಳ ನಡುವೆ ಹರಡಿದ ಜಾಲ. ಕೂದಲಿಗಿಂತ ಸಣ್ಣ ಬಿಳಿಯ ನೂಲುಗಳ ಈ ಜಾಲವನ್ನು ಕವಕಜಾಲವೆನ್ನುತ್ತಾರೆ. ಕೊಡೆ ನಾಲ್ಕು ದಿನದ ಬಾಳಿನದು, ಜಾಲ ಹಲವು ವರ್ಷಗಳದು. ಅಣಬೆಗೆ ಬಾಯಿಯಿಲ್ಲ, ಹಸಿರಿಲ್ಲ. ಗಿಡದಂತೆ ಬಿಸಿಲಿನಲ್ಲಿ ಅನ್ನ ಬೇಯಿಸಿಕೊಳ್ಳಲಾರದು. ನೂಲುಗಳ ಮೂಲಕ ಪಾಚಕರಸಗಳನ್ನು ಹೊರಗೆ ಸ್ರವಿಸಿ, ಸುತ್ತಲ ಸತ್ತ ಎಲೆಯನ್ನು ಕರಗಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಕೆಲವು ಜಾತಿಗಳು ಮರದ ಬೇರಿನೊಡನೆ ಸ್ನೇಹ ಬೆಳೆಸಿ, ಅದಕ್ಕೆ ನೀರು ಲವಣಗಳನ್ನು ಕೊಟ್ಟು ಸಕ್ಕರೆಯನ್ನು ಪಡೆಯುತ್ತವೆ. ಯಾವ ಮಾರ್ಗವಾದರೂ ಮೇಲುಮಣ್ಣಿನಲ್ಲಿ ಇರುವುದೇ ಅಣಬೆಯ ಒಳಕ್ಕೆ ಬರಬೇಕು. ಮೇಲುಮಣ್ಣಿನಲ್ಲಿ ಪಾದರಸವಿದ್ದರೆ ಅದೂ ಬರುತ್ತದೆ.

ಮಣ್ಣಿಗೆ ಪಾದರಸ ಎಲ್ಲಿಂದ ಬಂತು? ಇದನ್ನು ತಿಳಿಯಲು ಒಂದು ಊರಿನ ಚರಿತ್ರೆಯನ್ನು ನೋಡೋಣ. ಈಗಿನ ಸ್ಲೊವೇನಿಯಾ ದೇಶದ ಪಶ್ಚಿಮದಲ್ಲಿ, ಬೆಟ್ಟಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ಇದ್ರಿಯಾ ಎಂಬ ಊರಿದೆ. 1490ರಲ್ಲಿ ಮರದ ತೊಟ್ಟಿಗಳನ್ನು ಮಾಡುವವನೊಬ್ಬ ಹೊಸ ತೊಟ್ಟಿಯನ್ನು ತೊರೆಯ ನೀರಿನಲ್ಲಿ ನೆನೆಯಿಟ್ಟನಂತೆ. ಮರುದಿನ ಎತ್ತಲು ಹೋದರೆ ತೊಟ್ಟಿ ಏಳಲೊಲ್ಲದು. ತಳದಲ್ಲಿ ಬೆಳ್ಳಿಯಂತೆ ಹೊಳೆಯುವ ಭಾರವಾದ ದ್ರವ ನಿಂತಿತ್ತು. ಇದು ಆ ಊರಿನ ಐತಿಹ್ಯ. ತೊಟ್ಟಿಯ ಕಥೆ ಹೇಗಾದರೂ ಇರಲಿ, ಅಲ್ಲಿ ತೆರೆದ ಗಣಿಯಂತೂ ನಿಜ. ಸ್ಪೇನಿನ ಅಲ್ಮಾದೆನ್ ಒಂದನ್ನು ಬಿಟ್ಟರೆ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಪಾದರಸದ ಗಣಿ ಇರಲಿಲ್ಲ. ಐನೂರು ವರ್ಷಗಳ ಕಾಲ ನಡೆದು, 1990ರ ದಶಕದಲ್ಲಿ ಅದು ಮುಚ್ಚಿತು. ಅಷ್ಟರಲ್ಲಿ ಒಂದು ಲಕ್ಷ ಟನ್ನಿಗೂ ಮೀರಿ ಪಾದರಸವನ್ನು ಅಲ್ಲಿಂದ ತೆಗೆದಿದ್ದರು. ಬೆಟ್ಟದೊಳಗೆ ಸುಮಾರು 700 ಕಿಲೋಮೀಟರು ಉದ್ದದ ಸುರಂಗಗಳನ್ನು ತೋಡಿದ್ದರು. 2012ರಲ್ಲಿ ಯುನೆಸ್ಕೊ ಸಂಸ್ಥೆ ಅಲ್ಮಾದೆನ್ ಮತ್ತು ಇದ್ರಿಯಾಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಾದರಸದ ಅದಿರು ಹಿಂಗುಳ, ಅಂದರೆ ಪಾದರಸ ಮತ್ತು ಗಂಧಕ ಕೂಡಿದ ಕೆಂಪು ಕಲ್ಲು. ಕಾಯಿಸಿದರೆ ಗಂಧಕ ಹೊಗೆಯಾಗಿ ಹೋಗುತ್ತದೆ. ಪಾದರಸವೂ ಆವಿಯಾಗುತ್ತದೆ. ಆ ಆವಿಯನ್ನು ತಣಿಸಿದರೆ ದ್ರವ ದೊರೆಯುತ್ತದೆ. ಇದ್ರಿಯಾದಲ್ಲಿ ಮೊದಲ ನೂರೈವತ್ತು ವರ್ಷಗಳಷ್ಟು ಕಾಲ ಈ ಕೆಲಸವನ್ನು ಮಣ್ಣಿನ ಮಡಕೆಗಳಲ್ಲಿ ಮಾಡುತ್ತಿದ್ದರು. ಸೌದೆ ಇರುವಲ್ಲಿಗೆ ಅದಿರನ್ನು ಹೊತ್ತು ಸಾಗಿಸಿ, ಕಾಡಿನ ನಡುವೆಯೇ ರಾಶಿ ಹಾಕಿ ಸುಡುತ್ತಿದ್ದರು. ಮಡಕೆಯ ಸಂದಿನಿಂದ ತಪ್ಪಿಸಿಕೊಂಡ ಆವಿಗೆ ಲೆಕ್ಕವಿಟ್ಟವರಿಲ್ಲ. ಆ ಮಡಕೆಯ ಚೂರುಗಳು ಇಂದಿಗೂ ಆ ಕಾಡುಗಳ ನೆಲದಲ್ಲಿ ಸಿಕ್ಕುತ್ತವೆ. ಅಂಥ ಹಳೆಯ ಸುಡುದಾಣಗಳಲ್ಲಿ ಒಂದು ಕಿಲೋಗ್ರಾಂ ಮಣ್ಣಿಗೆ ಸಾವಿರ ಮಿಲಿಗ್ರಾಮನ್ನೂ ಮೀರಿದ ಪಾದರಸವನ್ನು ವಿಜ್ಞಾನಿಗಳು ಕಂಡಿದ್ದಾರೆ. ಮಾಲಿನ್ಯ ಸೋಂಕದ ಕಾಡಿನ ಮಣ್ಣಿನಲ್ಲಿ ಈ ಮೊತ್ತ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದ ಆಸುಪಾಸು ಅಥವಾ ಅದಕ್ಕೂ ಕಡಿಮೆ ಎಂಬುದನ್ನು ನೆನೆದರೆ ವ್ಯತ್ಯಾಸ ಅರಿವಾಗುತ್ತದೆ.

ಈ ಊರಿಗೆ 1754ರಲ್ಲಿ ವೈದ್ಯನಾಗಿ ಬಂದವನು ಜೊವಾನ್ನಿ ಆಂತೋನಿಯೊ ಸ್ಕೋಪೊಲಿ. ಆಗ ಅವನಿಗೆ ಮೂವತ್ತೊಂದು ವರ್ಷ. ಹದಿನೈದು ವರ್ಷ ಅಲ್ಲಿದ್ದ. ಗಣಿಯ ಆಳುಗಳ ಕೈ ನಡುಗುವುದು, ಬಾಯಲ್ಲಿ ಜೊಲ್ಲು ಸುರಿಯುವುದು, ಹಲ್ಲು ಸಡಿಲವಾಗಿ ಉದುರುವುದು, ನಿದ್ರೆ ಕೆಡುವುದು, ಇವನ್ನೆಲ್ಲ ದಿನವೂ ಕಂಡ. ಇದ್ರಿಯಾದ ಪಾದರಸವನ್ನು ಕುರಿತ ಲ್ಯಾಟಿನ್ ಗ್ರಂಥವೊಂದನ್ನು 1761ರಲ್ಲಿ ಪ್ರಕಟಿಸಿ, ಅದರಲ್ಲಿ ಗಣಿಗಾರರ ರೋಗಗಳನ್ನೂ ವರ್ಣಿಸಿದ. ಬಿಡುವಿನಲ್ಲಿ ಬೆಟ್ಟ ಹತ್ತಿ ಗಿಡ, ಹುಳು, ಅಣಬೆಗಳನ್ನು ಶೋಧಿಸುವುದು ಅವನ ಇನ್ನೊಂದು ಹುಚ್ಚು. ಆ ಸೀಮೆಯ ಸಸ್ಯಗಳನ್ನು ಕುರಿತು 'ಫ್ಲೋರಾ ಕಾರ್ನಿಯೋಲಿಕಾ' ಎಂಬ ಗ್ರಂಥವನ್ನು ರಚಿಸಿದ. ಸ್ವೀಡನ್ನಿನ ಲಿನೇಯಸ್‌ನೊಡನೆ ಪತ್ರವ್ಯವಹಾರ ನಡೆಸಿದ. ಆ ಗ್ರಂಥದ ಎರಡನೆಯ ಆವೃತ್ತಿ ಹೊರಬಂದದ್ದು 1772ರಲ್ಲಿ. ಅದರಲ್ಲಿ ಅವನು ಶಾಸ್ತ್ರೀಯ ನಾಮಕರಣ ಮಾಡಿದ ಅಣಬೆಗಳಲ್ಲಿ ಒಂದು, ಉದ್ದ ಕಾಲಿನ, ಅಗಲ ಕೊಡೆಯ, ಕಂದು ಚುಕ್ಕೆಗಳ ಪ್ಯಾರಸಾಲ್. ನನ್ನ ಮಗಳು ಕೈಯಲ್ಲಿ ಹಿಡಿದಿದ್ದ ಅಣಬೆಯೇ ಅದು.

ಪ್ಯಾರಸಾಲ್ ಎಂದರೆ ಬಿಸಿಲುಕೊಡೆ. ನಾವು ನಾಯಿಕೊಡೆ ಎನ್ನುತ್ತೇವೆ, ಸಂಸ್ಕೃತದವರು ಛತ್ರಾಕವೆಂದರು. ಮೂರು ನುಡಿಯವರ ಕಣ್ಣಿಗೂ ಕಂಡದ್ದು ಒಂದೇ ಕೊಡೆ. ಸೋಜಿಗವೆಂದರೆ, ಪಾದರಸದ ರೋಗವನ್ನು ಬರೆದ ಕೈಯೇ ಪಾದರಸವನ್ನು ಕೂಡಿಡುವ ಅಣಬೆಗೂ ಹೆಸರು ಕೊಟ್ಟಿತು. ಆದರೂ ಒಂದಕ್ಕೊಂದು ಸಂಬಂಧವುಂಟೆಂದು ಅವನಿಗೆ ತಿಳಿಯುವ ಮಾರ್ಗವಿರಲಿಲ್ಲ. ಕಿಲೋಗ್ರಾಮಿನಲ್ಲಿ ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅದನ್ನು ತೂಗುವ ತಕ್ಕಡಿ ಆ ಶತಮಾನದಲ್ಲಿ ಎಲ್ಲಿಂದ ಬರಬೇಕು?

ತಕ್ಕಡಿ ಬಂದದ್ದು ನಮ್ಮ ಕಾಲದಲ್ಲಿ. 1970ರ ದಶಕದಲ್ಲಿ, ಇದ್ರಿಯಾಕ್ಕೆ ಹೆಚ್ಚು ದೂರವಲ್ಲದ ಲ್ಯುಬ್ಲಿಯಾನಾ ನಗರದ ಯೋಝೆಫ್ ಸ್ಟೆಫಾನ್ ಸಂಸ್ಥೆಯ ವಿಜ್ಞಾನಿಗಳು ಅಣಬೆಗಳನ್ನು ಪರಮಾಣು ರಿಯಾಕ್ಟರಿನ ನ್ಯೂಟ್ರಾನುಗಳಿಗೆ ಒಡ್ಡಿ, ಅದರಿಂದ ವಿಕಿರಣ ಸೂಸತೊಡಗಿದ ಧಾತುಗಳನ್ನು ಒಂದೊಂದಾಗಿ ಎಣಿಸಿದರು. ಈಗ ಇನ್ನೂ ಸುಲಭವಾದ ವಿಧಾನವಿದೆ. ಅಣಬೆಯ ಪುಡಿಯನ್ನು ಕಾಯಿಸುತ್ತಾರೆ. ಏಳುವ ಪಾದರಸದ ಆವಿಯನ್ನು ಚಿನ್ನದ ಮೇಲೆ ಹಾಯಿಸುತ್ತಾರೆ. ಚಿನ್ನವನ್ನು ಕಂಡರೆ ಪಾದರಸ ಬಿಡದು, ಅಪ್ಪಿಕೊಳ್ಳುತ್ತದೆ. ಅಕ್ಕಸಾಲಿಗರಿಗೆ ಇದು ಹಳೆಯ ಸಂಗತಿ. ಆಮೇಲೆ ಚಿನ್ನವನ್ನು ಕಾಯಿಸಿ ಆವಿಯನ್ನು ಬಿಡಿಸಿ, ಅದು ನಿರ್ದಿಷ್ಟ ಬಣ್ಣದ, ಕಣ್ಣಿಗೆ ಕಾಣದ ಬೆಳಕನ್ನು ಎಷ್ಟು ನುಂಗಿತೆಂದು ಅಳೆಯುತ್ತಾರೆ.

ಇನ್ನು ದಾರಿಯ ವಿಚಾರ. ಪಾದರಸ ಲೋಹಗಳಲ್ಲೆಲ್ಲ ಚಂಚಲ. “ಪಾದರಸದಂಥ ಹುಡುಗ” ಎಂದು ನಾವು ಹೇಳುವುದು ಬರಿಯ ಉಪಮೆಯಲ್ಲ. ಸಾಮಾನ್ಯ ಉಷ್ಣತೆಯಲ್ಲೇ ಅದು ಆವಿಯಾಗುತ್ತದೆ. ಆವಿ ತಿಂಗಳುಗಟ್ಟಲೆ ಗಾಳಿಯಲ್ಲಿ ಅಲೆದು ದೇಶದಿಂದ ದೇಶಕ್ಕೆ ಹೋಗುತ್ತದೆ. ಆದ್ದರಿಂದ ಗಣಿಯೇ ಇಲ್ಲದ ಕಾಡಿಗೂ ಅದು ತಲುಪುತ್ತದೆ. ಜ್ವಾಲಾಮುಖಿಗಳಿಂದ ಬರುತ್ತದೆ, ಕಲ್ಲಿದ್ದಲು ಸುಡುವ ಕುಲುಮೆಗಳಿಂದ ಬರುತ್ತದೆ, ನದಿಯ ಮರಳಿನಿಂದ ಪಾದರಸ ಬೆರೆಸಿ ಚಿನ್ನ ತೆಗೆಯುವ ಬಡವರ ಒಲೆಗಳಿಂದಲೂ ಬರುತ್ತದೆ. ಇಂದು ಮನುಷ್ಯನ ಕೈಯಿಂದ ಗಾಳಿಗೆ ಸೇರುವ ಪಾದರಸದಲ್ಲಿ ಅತಿ ದೊಡ್ಡ ಪಾಲು ಈ ಕೊನೆಯದೇ.

ಗಾಳಿಯ ಪಾದರಸವನ್ನು ನೆಲಕ್ಕಿಳಿಸುವುದು ಮಳೆ ಮಾತ್ರವಲ್ಲ, ಮರ. ಎಲೆ ಉಸಿರಾಡುವಾಗ ತನ್ನ ಸೂಕ್ಷ್ಮರಂಧ್ರಗಳಿಂದ ಆವಿಯನ್ನೂ ಒಳಗೆಳೆದುಕೊಳ್ಳುತ್ತದೆ. ವಸಂತದಿಂದ ಶರತ್ತಿನವರೆಗೆ ಕೂಡಿದ ಪಾದರಸ ಎಲೆಯೊಡನೆ ಉದುರುತ್ತದೆ. ಎಲೆ ಕೊಳೆತು ಕಪ್ಪು ಗೊಬ್ಬರವಾಗುತ್ತದೆ. ಆ ಗೊಬ್ಬರದಲ್ಲಿರುವ ಗಂಧಕದ ಅಂಶಗಳು ಪಾದರಸವನ್ನು ಬಿಗಿಯಾಗಿ ಹಿಡಿಯುತ್ತವೆ. ಅದಿರಿನಲ್ಲಿ ಗಂಧಕದೊಡನಿದ್ದು, ಬೆಂಕಿಯಲ್ಲಿ ಅದನ್ನು ತೊರೆದು ಹೋದ ಪಾದರಸ, ಮತ್ತೆ ಗಂಧಕವನ್ನು ಹುಡುಕಿಕೊಂಡು ಬಂದು ನೆಲ ಸೇರುತ್ತದೆ. ಹೀಗಾಗಿ ಕಾಡಿನಲ್ಲಿ ಅದು ಕೂಡಿಕೊಳ್ಳುವುದು ಮೇಲಿನ ಗೇಣುದ್ದದ ಕಪ್ಪು ಮಣ್ಣಿನಲ್ಲಿ. ಅಣಬೆಯ ನೂಲುಗಳು ಹಾಸಿಕೊಂಡಿರುವುದೂ ಅಲ್ಲೇ.

ನೂಲಿನೊಳಕ್ಕೆ ಬಂದ ಪಾದರಸವನ್ನು ಅಣಬೆಯ ಪ್ರೋಟೀನುಗಳಲ್ಲಿರುವ ಗಂಧಕ ಹಿಡಿದುಕೊಳ್ಳುತ್ತದೆ. ಕೊಡೆ ಏಳುವಾಗ ಜಾಲ ತನ್ನ ಬಹುಕಾಲದ ಗಳಿಕೆಯಲ್ಲಿ ಒಂದಂಶವನ್ನು ಅದಕ್ಕೆ ಸಾಗಿಸುತ್ತದೆ. ಕಾಲಿಗಿಂತ ಕೊಡೆಯಲ್ಲಿ ಪಾದರಸ ಹೆಚ್ಚು. ಬೀಜಕಣಗಳನ್ನು ಹೊರುವ ಭಾಗದಲ್ಲಿ ಇನ್ನೂ ಹೆಚ್ಚು. ನಾವು ಆಸೆಪಟ್ಟು ತಿನ್ನುವುದೂ ಅದೇ ಭಾಗವನ್ನು.

ಎಷ್ಟು ಹೆಚ್ಚು? ಪೋಲೆಂಡಿನ ಗ್ದಾನ್ಸ್ಕ್ ವಿಶ್ವವಿದ್ಯಾಲಯದ ಯೆಝಿ ಫಲಾಂದಿಶ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ದಶಕಗಳ ಕಾಲ ಕಾಡಿನಿಂದ ಕಾಡಿಗೆ ಹೋಗಿ ಅಣಬೆಯನ್ನೂ ಅದರ ಬುಡದ ಮಣ್ಣನ್ನೂ ಜೊತೆಜೊತೆಯಾಗಿ ತಂದು ಅಳೆದರು. ಬುಡದ ಮಣ್ಣನ್ನು ತರುವುದೇ ಇಲ್ಲಿಯ ಜಾಣತನ. ಸಾಲ ಎಷ್ಟೆಂದು ತಿಳಿಯಲು ಎರಡೂ ಕಡೆಯ ಖಾತೆಯನ್ನು ನೋಡಬೇಕಲ್ಲವೆ? ಮಲಿನವಲ್ಲದ ಕಾಡಿನಲ್ಲಿಯೂ ಒಣಗಿಸಿದ ಪ್ಯಾರಸಾಲ್ ಕೊಡೆಯ ಕಿಲೋಗ್ರಾಮಿಗೆ ಕೆಲವು ಮಿಲಿಗ್ರಾಂ ಪಾದರಸ ಕಂಡುಬಂತು. ಬುಡದ ಮಣ್ಣಿನಲ್ಲಿದ್ದುದಕ್ಕಿಂತ ಹತ್ತಾರು ಪಟ್ಟು, ಕೆಲವೆಡೆ ನೂರು ಪಟ್ಟಿಗೂ ಮೀರಿ. ಮರದ ದಿಮ್ಮಿಯ ಮೇಲೆ ಬೆಳೆಯುವ ಜಾತಿಗಳಲ್ಲಿ ಸಾಮಾನ್ಯವಾಗಿ ಇದು ತೀರ ಕಡಿಮೆ. ನಮ್ಮ ಪೇಟೆಯಲ್ಲಿ ಮಾರುವ, ಕೊಟ್ಟಿಗೆಯೊಳಗೆ ಬೆಳೆಸಿದ ಅಣಬೆಯಲ್ಲಿಯೂ ಹಾಗೆಯೇ. ಅದಕ್ಕೆ ಹಾಕುವ ಹುಲ್ಲುಗೊಬ್ಬರ ಹೊಸದು, ಅದರ ಬೆಳೆ ಕೆಲವೇ ವಾರಗಳದು. ಕೂಡಿಡಲು ಕಾಲವೂ ಇಲ್ಲ, ಸರಕೂ ಇಲ್ಲ.

ಗಣಿಯ ಅಥವಾ ಕುಲುಮೆಯ ನೆರೆಯಲ್ಲಿ ಲೆಕ್ಕ ಬೇರೆ. ಸ್ಲೊವಾಕಿಯಾದ ರುದ್ನ್ಯಾನಿ ಎಂಬಲ್ಲಿ ಪಾದರಸದ ಕುಲುಮೆ ಇತ್ತು. ಅಂಥ ತಾಣಗಳ ಸುತ್ತಣ ಕಾಡಿನ ಅಣಬೆಗಳಲ್ಲಿ ಒಣತೂಕದ ಕಿಲೋಗ್ರಾಮಿಗೆ ಹತ್ತಾರು ಮಿಲಿಗ್ರಾಂ ಪಾದರಸ ದೊರೆತಿದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಣ್ಣಿನ ಪಾದರಸ ಸಾವಿರ ಪಟ್ಟು ಹೆಚ್ಚಾದರೆ ಅಣಬೆಯದೂ ಸಾವಿರ ಪಟ್ಟು ಹೆಚ್ಚುವುದಿಲ್ಲ. ಬಡ ಮಣ್ಣಿನಲ್ಲಿ ಅದು ಜಿಪುಣನಂತೆ ಕಾಸುಕಾಸನ್ನೂ ಆಯ್ದು ಕೂಡಿಡುತ್ತದೆ. ತುಂಬಿದ ಮಣ್ಣಿನಲ್ಲಿ ಹೀರುವ ಪ್ರಮಾಣ ಇಳಿದು, ಒಟ್ಟು ಮೊತ್ತ ಮಾತ್ರ ಏರುತ್ತದೆ. ಆದಕಾರಣ ಅಣಬೆಯನ್ನು ಅಳೆದು ಮಣ್ಣಿನ ಮಾಲಿನ್ಯವನ್ನು ನೇರವಾಗಿ ಹೇಳಲಾಗದು. ಮಣ್ಣನ್ನು ಅಳೆದು ಅಣಬೆಯನ್ನು ಊಹಿಸುವುದೂ ಸಲ್ಲದು. ಎರಡನ್ನೂ ಅಳೆಯಬೇಕು.

ಈ ಸಂಖ್ಯೆಗಳನ್ನು ಕಂಡಾಗ ನನ್ನ ಎದೆ ಹಾರಿದ್ದು ಸುಳ್ಳಲ್ಲ. ಪಾದರಸವೆಂದೊಡನೆ ನನಗೆ ನೆನಪಾದದ್ದು ಜಪಾನಿನ ಮಿನಮಾಟ. ಅಲ್ಲಿಯ ಕಾರ್ಖಾನೆಯೊಂದು ಕೊಲ್ಲಿಗೆ ಹರಿಯಬಿಟ್ಟ ಪಾದರಸ ಮೀನಿನೊಳಗೆ ಸೇರಿ, ಮೀನು ತಿಂದವರ ನರಮಂಡಲವನ್ನು ಕೆಡಿಸಿತು. 1956ರಲ್ಲಿ ಆ ರೋಗ ಬೆಳಕಿಗೆ ಬಂತು. ತಾಯಂದಿರು ತಾವು ಹೆಚ್ಚಿನ ಲಕ್ಷಣಗಳಿಲ್ಲದೆ ಇದ್ದಾಗಲೂ ಗರ್ಭದ ಕೂಸುಗಳು ಊನವಾಗಿ ಹುಟ್ಟಿದವು. ಮೂರು ತಿಂಗಳ ಗರ್ಭಿಣಿಯ ತಂದೆ ಇದನ್ನು ಓದಿದರೆ ನಿದ್ರೆ ಬರುವುದೆ?

ಆದರೆ ಅಂಜಿಕೆಯಲ್ಲಿ ಓದುವವನು ಅರ್ಧ ಓದುತ್ತಾನೆ. ಬೆಳಗ್ಗೆ ಮತ್ತೆ ಕುಳಿತು ಓದಿದೆ. ಪಾದರಸ ಒಂದೇ ಹೆಸರಾದರೂ ಅದರ ರೂಪಗಳು ಹಲವು, ಒಂದೊಂದರ ನಡತೆ ಒಂದೊಂದು ಬಗೆ. ಆವಿಯನ್ನು ಉಸಿರಿನೊಡನೆ ಎಳೆದುಕೊಂಡರೆ ಬಹುಪಾಲು ರಕ್ತಕ್ಕೆ ಸೇರುತ್ತದೆ. ಇದ್ರಿಯಾದ ಆಳುಗಳ ಕೈ ನಡುಗಿದ್ದು ಅದರಿಂದ. ಮಿನಮಾಟದ ಮೀನಿನಲ್ಲಿದ್ದುದು ಮೀಥೈಲ್ ಪಾದರಸ. ತಿಂದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ದೇಹಕ್ಕೆ ಹತ್ತುತ್ತದೆ, ಮಿದುಳಿಗೂ ಗರ್ಭಕ್ಕೂ ದಾಟುತ್ತದೆ. ಅಣಬೆಯಲ್ಲಿರುವುದು ಬಹುಪಾಲು ಲವಣರೂಪದ ಪಾದರಸ. ಮೀಥೈಲ್ ರೂಪದ್ದು ಅದರಲ್ಲಿ ಸಾಮಾನ್ಯವಾಗಿ ಸಣ್ಣ ಪಾಲು. ಲವಣರೂಪದ್ದು ಕರುಳಿನಿಂದ ರಕ್ತಕ್ಕೆ ಸೇರುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಅದರ ಪೆಟ್ಟು ಮುಖ್ಯವಾಗಿ ಮೂತ್ರಪಿಂಡಕ್ಕೆ. ಎಂದರೆ ಅಣಬೆಯನ್ನು ಮಿನಮಾಟದ ಮೀನಿನೊಡನೆ ಸಮನಾಗಿ ತೂಗುವುದು ತಪ್ಪು. ಹಾಗೆಂದು ಏನೂ ಇಲ್ಲವೆಂದು ಕೈಕೊಡವುವುದೂ ತಪ್ಪು.

ಲೆಕ್ಕ ಹಾಕಿ ನೋಡಿದೆ. ಲವಣರೂಪದ ಪಾದರಸ ಆಹಾರದ ಮೂಲಕ ದೇಹದ ತೂಕದ ಒಂದು ಕಿಲೋಗ್ರಾಮಿಗೆ ವಾರಕ್ಕೆ 4 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞಸಮಿತಿ 2010ರಲ್ಲಿ ಗೊತ್ತುಮಾಡಿತು. ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಮಿನ ಸಾವಿರದ ಒಂದು ಪಾಲು. ಅರುವತ್ತು ಕಿಲೋ ತೂಕದವರಿಗೆ ವಾರಕ್ಕೆ 240 ಮೈಕ್ರೋಗ್ರಾಂ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. 200 ಗ್ರಾಂ ಹಸಿ ಕೊಡೆಯನ್ನು ಹುರಿದು ತಿಂದರೆ ಒಣತೂಕ 20 ಗ್ರಾಂ. ಕಾಡು ಶುದ್ಧವಾಗಿದ್ದು, ಒಣತೂಕದ ಕಿಲೋಗ್ರಾಮಿಗೆ 5 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಹೊಟ್ಟೆಗೆ ಸೇರಿದ್ದು 100 ಮೈಕ್ರೋಗ್ರಾಂ. ವಾರಕ್ಕೊಂದು ಊಟ ಮಿತಿಯೊಳಗೇ ಆಯಿತು. ದಿನ ಬಿಟ್ಟು ದಿನ ತಿಂದರೆ ಮಿತಿ ದಾಟಿತು. ಅದೇ ಅಣಬೆ ಕುಲುಮೆಯ ನೆರೆಯ ಕಾಡಿನದಾಗಿ 50 ಮಿಲಿಗ್ರಾಂ ಇದ್ದರೆ, ಒಂದೇ ಊಟದಲ್ಲಿ 1000 ಮೈಕ್ರೋಗ್ರಾಂ, ಮಿತಿಯ ನಾಲ್ಕು ಪಟ್ಟಿಗೂ ಹೆಚ್ಚು. ಜಾತಿ ಅದೇ, ರುಚಿ ಅದೇ, ಬಣ್ಣ ಅದೇ. ಬೇರೆಯಾದದ್ದು ಬುಡದ ಮಣ್ಣು ಮಾತ್ರ.

ಇಲ್ಲಿಯೇ ಹಿರಿಯರ ಅನುಭವ ಕೈಕೊಡುತ್ತದೆ. ಅಣಬೆಯ ವಿಷವನ್ನು ಕಂಡುಹಿಡಿಯಲು ಜನರು ಹಲವು ಉಪಾಯಗಳನ್ನು ಹೇಳುತ್ತಾರೆ. ಬೇಯುವಾಗ ಬೆಳ್ಳಿಯ ಚಮಚ ಹಾಕಿದರೆ ಕಪ್ಪಾಗುತ್ತದೆ, ಹುಳು ತಿಂದ ಅಣಬೆ ನಿರಪಾಯ ಎಂಬ ಮಾತುಗಳಿವೆ. ವಿಷಜಾತಿಗಳ ವಿಚಾರದಲ್ಲೇ ಇವು ನಂಬಿಕೆಗೆ ಅರ್ಹವಲ್ಲ. ಪಾದರಸದ ವಿಚಾರದಲ್ಲಿ ಸುತರಾಂ ಅಲ್ಲ. ಅದು ಕೊಡೆಯ ಮೇಲೆ ಕುಳಿತ ಧೂಳಲ್ಲ, ತೊಳೆದರೆ ಹೋಗಲು. ಮಾಂಸದೊಳಗೇ ಬೆರೆತದ್ದು. ಇನ್ನೊಂದು ಮಾತು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಬೆಳ್ಳುಳ್ಳಿಯ ಜೊತೆಗೆ ಛತ್ರಾಕವನ್ನೂ ವರ್ಜ್ಯವೆಂದಿದೆ. ಈ ವಿಷಯವನ್ನು ಕೇಳಿದ ಮಿತ್ರರೊಬ್ಬರು, “ನೋಡಿದಿರಾ, ನಮ್ಮವರಿಗೆ ಆಗಲೇ ಗೊತ್ತಿತ್ತು” ಎಂದರು. ಬೆಳ್ಳುಳ್ಳಿಯಲ್ಲಿ ಯಾವ ಪಾದರಸವಿತ್ತು ಸ್ವಾಮಿ ಎಂದು ನಾನು ಕೇಳಬೇಕಾಯಿತು. ಹಳೆಯ ಗ್ರಂಥಗಳಿಗೆ ಅವುಗಳದೇ ಆದ ಗೌರವವಿದೆ. ಅವು ಹೇಳದ ಮಾತನ್ನು ಅವುಗಳ ಬಾಯಿಗೆ ತುರುಕಿ ಗೌರವ ಹೆಚ್ಚಿಸಬೇಕಾಗಿಲ್ಲ.

ಅಣಬೆ ಕೂಡಿಡುವುದು ಪಾದರಸವನ್ನು ಮಾತ್ರವೂ ಅಲ್ಲ. 1986ರ ಏಪ್ರಿಲ್‌ನಲ್ಲಿ ಚೆರ್ನೊಬಿಲ್ ಪರಮಾಣು ಸ್ಥಾವರ ಸಿಡಿದಾಗ, ಗಾಳಿಯಲ್ಲಿ ಬಂದ ವಿಕಿರಣದ ಸೀಸಿಯಮ್ ದಕ್ಷಿಣ ಜರ್ಮನಿಯ ಕಾಡುಗಳ ಮೇಲೂ ಮಳೆಯೊಡನೆ ಸುರಿಯಿತು. ಹೊಲಗಳಲ್ಲಿ ಉತ್ತು ಬಿತ್ತುವಾಗ ಅದು ಮಣ್ಣಿನೊಳಗೆ ಬೆರೆತು ಬೆಳೆಗೆ ಸಿಕ್ಕುವುದು ಕಡಿಮೆಯಾಯಿತು. ಕಾಡನ್ನು ಉಳುವವರಾರು? ಅಲ್ಲಿಯ ಕೆಲವು ಜಾತಿಯ ಅಣಬೆಗಳಲ್ಲಿ ದಶಕಗಳ ಮೇಲೂ ಆ ಮಳೆಯ ನೆನಪು ಉಳಿದಿದೆ. ಇಂಥವೆಲ್ಲವನ್ನೂ ಗಣಿಸಿ, ಕಾಡಿನ ಅಣಬೆಯನ್ನು ವಾರಕ್ಕೆ ಸುಮಾರು 250 ಗ್ರಾಮಿಗಿಂತ ಹೆಚ್ಚು ತಿನ್ನಬಾರದೆಂದು ಜರ್ಮನಿಯಲ್ಲಿ ವಯಸ್ಕರಿಗೆ ಸಲಹೆ ಕೊಡುತ್ತಾರೆ.

ನಮ್ಮ ದೇಶಕ್ಕೂ ಈ ಪಾಠ ದೂರದ್ದಲ್ಲ. ತಮಿಳುನಾಡಿನ ಕೊಡೈಕೆನಾಲಿನಲ್ಲಿ ಉಷ್ಣಮಾಪಕಗಳನ್ನು ತಯಾರಿಸುವ ಕಾರ್ಖಾನೆಯೊಂದಿತ್ತು. ಪಾದರಸ ಅಂಟಿದ ಗಾಜಿನ ಚೂರುಗಳು ಊರಿನ ಗುಜರಿ ಅಂಗಡಿಯಲ್ಲಿ ಪತ್ತೆಯಾಗಿ, 2001ರಲ್ಲಿ ಅದು ಮುಚ್ಚಿತು. ಆಮೇಲೆ ವಿಜ್ಞಾನಿಗಳು ಸುತ್ತಣ ಮರಗಳ ಮೇಲಿನ ಹಾವಸೆ, ಕಲ್ಲುಹೂಗಳನ್ನು ಕಿತ್ತು ಪರೀಕ್ಷಿಸಿ, ಗಾಳಿಯಲ್ಲಿ ಬಂದ ಪಾದರಸವನ್ನು ಅವುಗಳಲ್ಲಿ ಕಂಡರು. ಹಾವಸೆ, ಅಣಬೆಗಳಂಥ ಅಲ್ಪಜೀವಿಗಳು ಊರಿನ ಕಡತಗಳಿಗಿಂತ ಪ್ರಾಮಾಣಿಕ ಸಾಕ್ಷಿಗಳು. ಮಿನಮಾಟದ ಹೆಸರಿನಲ್ಲೇ 2013ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಸಿದ್ಧವಾಯಿತು. 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅಂಗೀಕರಿಸಿತು. ಹೊಸ ಪಾದರಸದ ಗಣಿಗಳನ್ನು ತೆರೆಯಬಾರದೆಂಬುದು ಅದರ ನಿಬಂಧನೆಗಳಲ್ಲೊಂದು.

ಗಣಿ ಮುಚ್ಚುವುದು ಸುಲಭ, ಮಣ್ಣಿನ ಲೆಕ್ಕ ಮುಚ್ಚುವುದು ಕಷ್ಟ. ಇದ್ರಿಯಾವನ್ನು ಆಸ್ಟ್ರಿಯದ ಚಕ್ರವರ್ತಿಗಳು ಆಳಿದರು, ಇಟಲಿ ಆಳಿತು, ಯುಗೊಸ್ಲಾವಿಯ ಆಳಿತು. ಈಗ ಸ್ಲೊವೇನಿಯಾ ಸ್ವತಂತ್ರ ದೇಶ. ಗಣಿಯ ಕುಲುಮೆ ಆರಿದೆ. ಆದರೂ ನೆರೆ ಬಂದಾಗಲೆಲ್ಲ ಹೊಳೆದಂಡೆಯ ಹಳೆಯ ಕಸರು ಕೊಚ್ಚಿಹೋಗಿ, ಸೋಚಾ ನದಿಯ ಮೂಲಕ ತ್ರಿಯೆಸ್ತೆ ಕೊಲ್ಲಿಗೆ ಪಾದರಸ ಸೇರುತ್ತಲೇ ಇದೆ. ಕಾಡಿನಲ್ಲಿ ಅಣಬೆ ಹೀರಿದ್ದು ಅಣಬೆ ಕೊಳೆತಾಗ ಮತ್ತೆ ಅದೇ ಮಣ್ಣಿಗೆ, ಆ ಮಣ್ಣಿನಿಂದ ಮುಂದಿನ ಅಣಬೆಗೆ. ಮಡಕೆ ಒಡೆದು ನಾಲ್ಕುನೂರು ವರ್ಷವಾದರೂ ಅದರೊಳಗಿಂದ ತಪ್ಪಿಸಿಕೊಂಡದ್ದು ಇನ್ನೂ ಊರು ಬಿಟ್ಟಿಲ್ಲ.

ಇಷ್ಟನ್ನು ಓದಿ ಮಗಳಿಗೆ ದೂರವಾಣಿಯಲ್ಲಿ ಹೇಳಿದೆ. ಅವಳು ನಕ್ಕು, “ಅಪ್ಪಾ, ನಾನು ತಿಂದದ್ದು ಎರಡೇ ಸಲ. ಡಾಕ್ಟರೂ ಹೆರಿಗೆಯಾಗುವ ತನಕ ಕಾಡಿನ ಅಣಬೆ ಬೇಡ ಅಂದಿದ್ದಾರೆ” ಎಂದಳು. ಅವಳ ಕಾಡಿನ ಸಮೀಪ ಗಣಿಯಾಗಲಿ ಕುಲುಮೆಯಾಗಲಿ ಇರಲಿಲ್ಲ ಎಂಬುದನ್ನು ನೆರೆಮನೆಯ ವೃದ್ಧರಿಂದ ಕೇಳಿ ತಿಳಿಸಿದಳು. ನನ್ನ ಲೆಕ್ಕವನ್ನು ಅವಳ ತಾಯಿಗೆ ತೋರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಹುತ್ತದ ಅಣಬೆ?” ಎಂದರು. ನಮ್ಮ ಹುತ್ತದ ಅಣಬೆ ಯೂರೋಪಿನ ಎಲೆಗೊಬ್ಬರದ ಅಣಬೆಯಲ್ಲ. ಗೆದ್ದಲು ತನ್ನ ಗೂಡಿನೊಳಗೆ ತೋಟ ಮಾಡಿ ಸಾಕುವ ಬೇರೊಂದು ಕುಲ. ಒಂದು ಮಣ್ಣಿನ ಲೆಕ್ಕವನ್ನು ಇನ್ನೊಂದು ಮಣ್ಣಿಗೆ ಹೊರಿಸಲಾಗದು ಎಂದೆ. ವರ್ಷದಲ್ಲಿ ನಾಲ್ಕೈದು ದಿನ ತಿನ್ನುವುದಕ್ಕೆ ಹೆದರಬೇಕಾದುದಿಲ್ಲ, ಆದರೆ ಕಾರ್ಖಾನೆಯ ಬೇಲಿಯ ಬಳಿ, ಹೆದ್ದಾರಿಯ ಪಕ್ಕ, ಹಳೆಯ ಗಣಿಯ ಮಣ್ಣುಗುಡ್ಡೆಯ ಮೇಲೆ ಎದ್ದದ್ದನ್ನು ಎಷ್ಟೇ ಚೆಂದವಾಗಿದ್ದರೂ ಕೀಳಬಾರದು ಎಂದೆ. “ಅದನ್ನು ನಮ್ಮಮ್ಮನೂ ಹೇಳುತ್ತಿದ್ದಳು, ಬುಡ ನೋಡಿ ಕೀಳಬೇಕು ಅಂತ” ಎಂದರು ಅವರು. ಅವರ ತಾಯಿ ಹೇಳಿದ್ದು ಹಾವಿನ ಭಯಕ್ಕೆ. ಮಾತು ಮಾತ್ರ ಸರಿಯಾಗಿಯೇ ಇದೆ.

ವಸಂತದಲ್ಲಿ ಮೊಮ್ಮಗಳು ಹುಟ್ಟಿದಳು. ಆರೋಗ್ಯವಾಗಿದ್ದಾಳೆ. ಈಗ ನಮ್ಮಲ್ಲಿ ಮುಂಗಾರು ಹಿಡಿದಿದೆ. ಮೊನ್ನೆ ಊರಿನಿಂದ ಬಾಳೆಲೆಯಲ್ಲಿ ಕಟ್ಟಿದ ಅಣಬೆಯ ಪೊಟ್ಟಣ ಬಂತು. ನಮ್ಮ ಮನೆಯಾಕೆ ಅದನ್ನು ಬಿಚ್ಚುವ ಮೊದಲು, ತಂದ ಹುಡುಗನನ್ನು ಕೇಳಿದರು: “ಇದು ಎಲ್ಲಿ ಎದ್ದದ್ದಪ್ಪ?”